ಹಳೇ ಲಾರಿ ಎಂಜಿನ್ ಬಿಚ್ಚಿ ಬೋರ್ ಮಾಡ್ಸೋದು: ಅಳತೆಯಿಂದ ಮೊದಲ ಸ್ಟಾರ್ಟ್‌ವರೆಗೆ

ಹಳೇ ಲಾರಿ ಎಂಜಿನ್ ಹೊಗೆ ಕಾರೋಕೆ ಶುರು ಮಾಡಿದ್ರೆ ಸಾಕು, ನೋಡಿದೋರೆಲ್ಲ ಒಂದೇ ಮಾತು ಹೇಳೋದು, "ಬೋರ್ ಮಾಡ್ಸಿಬಿಡಿ, ಹೊಸದಾಗುತ್ತೆ". ಹೊಸದೇನೂ ಆಗಲ್ಲ. ಸವೆದು ಅಂಡಾಕಾರ ಆಗಿರೋ ಸಿಲಿಂಡರ್ ತೂತನ್ನ ಮತ್ತೆ ದುಂಡಗೆ ಮಾಡಿ, ಆ ತೂತಿಗೆ ಸರಿಯಾದ ದೊಡ್ಡ ಪಿಸ್ಟನ್ ಹಾಕೋದು, ಬೋರ್ ಅಂದ್ರೆ ಅಷ್ಟೇ. ಪವರ್ ಜಾಸ್ತಿ ಆಗುತ್ತೆ ಅನ್ನೋ ನಂಬಿಕೇನೂ ಇದೆ, ಅದನ್ನ ಒಂದ್ಸಲ ಲೆಕ್ಕ ಹಾಕೇ ಬಿಡೋಣ. 6 ಸಿಲಿಂಡರ್, 100 ಎಂಎಂ ಬೋರ್ (ಸಿಲಿಂಡರ್ ತೂತಿನ ವ್ಯಾಸ), 110 ಎಂಎಂ ಸ್ಟ್ರೋಕ್ (ಪಿಸ್ಟನ್ ಮೇಲೆ ಕೆಳಗೆ ಓಡೋ ದೂರ) ಇರೋ ಎಂಜಿನ್ ತಗೊಳ್ಳಿ, 5184 ಸಿಸಿ ಬರುತ್ತೆ. ಪೂರ್ತಿ 1 ಎಂಎಂ ಬೋರ್ ಮಾಡಿ 101ಕ್ಕೆ ತಂದ್ರೂ 5288 ಸಿಸಿ. ನೂರು ಚಿಲ್ಲರೆ ಸಿಸಿ, ಅಂದ್ರೆ ನೂರಕ್ಕೆ ಎರಡು. ಬೋರ್ ಮಾಡಿಸಿದ ಮೇಲೆ ಗಾಡಿ ಚೆನ್ನಾಗಿ ಎಳೆಯುತ್ತೆ ಅನ್ಸೋದು ಆ ಎರಡು ಪರ್ಸೆಂಟಿಂದ ಅಲ್ಲ, ಸೋರಿ ಹೋಗ್ತಿದ್ದ ಕಂಪ್ರೆಷನ್, ಅಂದ್ರೆ ಸಿಲಿಂಡರ್ ಒಳಗೆ ಗಾಳಿ ಅದುಮಿದ ಒತ್ತಡ, ವಾಪಸ್ ಬಂದಿದ್ದಕ್ಕೆ.

ನನ್ನ ಅನುಭವದಲ್ಲಿ ಈ ಕೆಲಸದ ಮುಕ್ಕಾಲು ಪಾಲು ಅಳೆಯೋದು ಮತ್ತೆ ತೊಳೆಯೋದು, ಬೋಲ್ಟ್ ಬಿಗಿಯೋದು ಬಾಕಿ ಕಾಲು ಭಾಗ. ಎಂಜಿನ್ ಕಟ್ಟಿ ಸ್ವಲ್ಪ ದಿನಕ್ಕೇ ಮತ್ತೆ ಹೊಗೆ ಬಂತು ಅಂತ ಬರೋ ಗಾಡಿ ಬಿಚ್ಚಿ ನೋಡಿದ್ರೆ ಬೋಲ್ಟ್ ತಪ್ಪಾಗಿ ಬಿಗಿದಿರೋದು ಕಮ್ಮಿ, ಅಳೀದೆ ಬಿಟ್ಟಿದ್ದು ಇಲ್ಲಾ ತೊಳೀದೆ ಬಿಟ್ಟಿದ್ದೇ ಜಾಸ್ತಿ. ಅದಕ್ಕೇ ಕೆಳಗೆ ಆ ಎರಡು ಜಾಗದಲ್ಲಿ ಸ್ವಲ್ಪ ಉದ್ದ ಎಳೆದಿದ್ದೀನಿ, ಬೇಜಾರ್ ಮಾಡ್ಕೋಬೇಡಿ.

ಬಿಚ್ಚೋಕೆ ಮುಂಚೆ

ನೀಲಿ ಹೊಗೆ ಬಂದ ತಕ್ಷಣ ರಿಂಗ್ (ಪಿಸ್ಟನ್ ಸುತ್ತ ಕೂತು ಸೋರಿಕೆ ತಡೆಯೋ ಬಳೆ) ಹೋಗಿದೆ ಅಂತ ತೀರ್ಮಾನ ಮಾಡ್ಬೇಡಿ. ಉದ್ದ ಇಳಿಜಾರಲ್ಲಿ ಎಕ್ಸಲೇಟರ್ ಬಿಟ್ಟು ಇಳಿದು, ಕೆಳಗೆ ಬಂದು ತುಳಿದ ಕ್ಷಣಕ್ಕೆ ಒಂದ್ಸಲ ಬುಸ್ ಅಂತ ನೀಲಿ ಹೊಗೆ ಬಂದು ನಿಂತ್ರೆ ಅದು ಹೆಚ್ಚಾಗಿ ವಾಲ್ವ್ ಗೈಡ್, ವಾಲ್ವ್ ಸೀಲ್ ಕಥೆ, ಹೆಡ್ ಕೆಲಸದಲ್ಲೇ ಮುಗಿಬಹುದು. ಲೋಡ್ ಮೇಲೆ ಎಳೆಯೋವಾಗ ಬಿಡದೆ ಬಂದ್ರೆ ರಿಂಗು, ಬೋರು. ಟರ್ಬೊ ಇರೋ ಗಾಡಿ ಆದ್ರೆ ಟರ್ಬೊ ಸೀಲ್ ಕೂಡ ಹೀಗೇ ಆಯಿಲ್ ಕುಡಿಯುತ್ತೆ, ಪೈಪ್ ಬಿಚ್ಚಿ ಒಳಗೆ ಆಯಿಲ್ ನಿಂತಿದೆಯಾ ನೋಡಿ. ಕಪ್ಪು ಹೊಗೆ ಅಂದ್ರೆ ಡೀಸೆಲ್ ಜಾಸ್ತಿ ಅಥವಾ ಗಾಳಿ ಕಮ್ಮಿ. ಬಿಸಿ ಆದ ಮೇಲೂ ಬಿಳಿ ಹೊಗೆ ನಿಲ್ಲದೆ ರೇಡಿಯೇಟರ್ ನೀರೂ ಇಳೀತಿದ್ರೆ ಗ್ಯಾಸ್ಕೆಟ್, ಹೆಡ್ ಬಿರುಕು, ಇಲ್ಲಾ ಲೈನರ್ ಕಡೆ ನೋಡ್ಬೇಕು.

ಎಂಜಿನ್ ಬಿಸಿ ಇರೋವಾಗ್ಲೇ ಕಂಪ್ರೆಷನ್ ತಗೊಂಡು ಒಂದು ಹಾಳೆ ಮೇಲೆ ಸಿಲಿಂಡರ್ ನಂಬರ್ ಸಮೇತ ಬರೆದಿಡಿ. ಪೆಟ್ರೋಲ್ ಎಂಜಿನ್ ಆದ್ರೆ ಆರೋಗ್ಯವಾಗಿದ್ದಾಗ 8ರಿಂದ 12 ಬಾರ್, ಡೀಸೆಲ್ ಆದ್ರೆ 25ರಿಂದ 30 ಬಾರ್ ಆಸುಪಾಸು, ನಿಮ್ಮ ಎಂಜಿನ್ನಿನ ನಿಖರ ಅಂಕಿ ಮ್ಯಾನ್ಯುಯಲ್‌ನಲ್ಲಿರುತ್ತೆ. ಅಂಕಿಗಿಂತ ಸಿಲಿಂಡರ್‌ಗಳ ಮಧ್ಯೆ ಇರೋ ವ್ಯತ್ಯಾಸ ಜಾಸ್ತಿ ಮಾತಾಡುತ್ತೆ. ಪೆಟ್ರೋಲ್ ಎಂಜಿನ್‌ನಲ್ಲಿ ಕಮ್ಮಿ ಬಂದ ಸಿಲಿಂಡರ್‌ಗೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ನೋಡಿ, ಏರಿದ್ರೆ ರಿಂಗ್, ಏರದಿದ್ರೆ ವಾಲ್ವ್ ಅಥವಾ ಗ್ಯಾಸ್ಕೆಟ್. ಡೀಸೆಲ್‌ಗೆ ಈ ಆಯಿಲ್ ಆಟ ಬೇಡ, ಅದರ ಚೇಂಬರ್ ತುಂಬ ಸಣ್ಣದು, ಹಾಕಿದ ಆಯಿಲ್ಲೇ ರೀಡಿಂಗ್ ಕೆಡಿಸುತ್ತೆ, ಜಾಸ್ತಿ ಆದ್ರೆ ರಾಡ್ ಬಗ್ಗಿಸುತ್ತೆ.

ಇನ್ನೊಂದು ಮಾತು. ಬ್ರೀದರ್‌ನಲ್ಲಿ (ಎಂಜಿನ್ ಒಳಗಿನ ಗಾಳಿ ಹೊರಗೆ ಬಿಡೋ ಪೈಪ್) ಬುಸುಬುಸು ಅಂತ ಗಾಳಿ ಹೊಡೀತಿರೋ ಹಳೇ ಡೀಸೆಲ್ ಎಂಜಿನ್ ತನ್ನ ಆಯಿಲನ್ನ ತಾನೇ ಎಳ್ಕೊಂಡು ಓಡೋಕೆ ಶುರು ಮಾಡಿದ್ರೆ ಕೀ ಆಫ್ ಮಾಡಿದ್ರೂ ನಿಲ್ಲಲ್ಲ, ಆರ್‌ಪಿಎಂ ಏರ್ತಾನೇ ಹೋಗುತ್ತೆ. ಅಂಥ ಎಂಜಿನ್ ಟೆಸ್ಟ್ ಮಾಡೋವಾಗ ಏರ್ ಇನ್‌ಟೇಕ್ ಬಾಯಿ ಮುಚ್ಚೋ ಅಳತೆಯ ಒಂದು ಹಲಗೆ ತುಂಡು ಕೈಗೆ ಸಿಗೋ ಹಾಗೆ ಇಟ್ಕೊಂಡಿರಿ. ಕೈಯಲ್ಲಿ ಮುಚ್ಚೋಕೆ ಹೋಗ್ಬೇಡಿ.

ಬ್ಲಾಕ್ ಯಾವ ಜಾತಿ

ಎಲ್ಲಾ ಎಂಜಿನ್ನೂ ಬೋರ್ ಆಗಲ್ಲ, ಇದು ಗೊತ್ತಿಲ್ದೆ ಲೇತ್ ಶಾಪ್‌ಗೆ ಬ್ಲಾಕ್ ಹೊತ್ಕೊಂಡ್ ಹೋಗಿ ವಾಪಸ್ ಬರೋರಿದ್ದಾರೆ. ಬ್ಲಾಕ್‌ನ ಕಬ್ಬಿಣದಲ್ಲೇ ನೇರವಾಗಿ ಸಿಲಿಂಡರ್ ಕೊರೆದಿದ್ರೆ ಅದನ್ನ ಓವರ್‌ಸೈಜ್‌ಗೆ ಬೋರ್ ಮಾಡ್ಬಹುದು. ಡ್ರೈ ಲೈನರ್ ಅಂದ್ರೆ ಬ್ಲಾಕ್ ಒಳಗೆ ಪ್ರೆಸ್ ಮಾಡಿ ಕೂರಿಸಿದ ತೆಳು ತೋಳು, ನೀರು ಅದಕ್ಕೆ ನೇರವಾಗಿ ಮುಟ್ಟಲ್ಲ, ಇದನ್ನ ಕಿತ್ತು ಹೊಸದು ಕೂರಿಸಿ ಆಮೇಲೆ ಸೈಜ್‌ಗೆ ಬೋರ್, ಹೋನ್ (ಕಲ್ಲಲ್ಲಿ ಉಜ್ಜಿ ಕೊನೇ ಸೈಜ್‌ಗೆ ತರೋದು) ಮಾಡ್ತಾರೆ. ವೆಟ್ ಲೈನರ್ ಅಂದ್ರೆ ಹೊರಮೈ ನೇರವಾಗಿ ಕೂಲೆಂಟ್‌ನಲ್ಲೇ ನಿಂತಿರುತ್ತೆ, ಇದನ್ನ ಸಾಮಾನ್ಯವಾಗಿ ಬೋರ್ ಮಾಡಲ್ಲ, ಲೈನರ್, ಪಿಸ್ಟನ್, ರಿಂಗ್ ಸೇರಿದ ಕಿಟ್ ಹಾಕಿ ಮುಗಿಸ್ತಾರೆ.

ವೆಟ್ ಲೈನರ್ ಕಿತ್ತಾಗ ಹೊರಮೈ ತಿರುಗಿಸಿ ನೋಡಿ. ಒಂದು ಪಕ್ಕದಲ್ಲಿ ಸೂಜಿ ಚುಚ್ಚಿದ ಹಾಗೆ ಸಣ್ಣ ಸಣ್ಣ ಗುಂಡಿ ಸಾಲಾಗಿದ್ರೆ ಅದು ತುಕ್ಕಲ್ಲ. ಪಿಸ್ಟನ್ ಹೊಡೆತಕ್ಕೆ ಲೈನರ್ ಅದುರಿ, ಕೂಲೆಂಟ್‌ನಲ್ಲಿ ಗುಳ್ಳೆ ಎದ್ದು ಒಡೆದು ಒಡೆದು ಲೋಹನೇ ಕಿತ್ತು ತಿಂದಿರುತ್ತೆ, ಬರೀ ನೀರು ಹಾಕಿ ಓಡಿಸಿದ ಡೀಸೆಲ್ ಎಂಜಿನ್‌ನಲ್ಲಿ ಇದು ಜಾಸ್ತಿ. ಹೊಸ ಲೈನರ್ ಹಾಕಿ ಮತ್ತೆ ಬರೀ ನೀರೇ ತುಂಬಿದ್ರೆ ಮತ್ತೆ ಅದೇ. ವೆಟ್ ಲೈನರ್‌ನಲ್ಲಿ ಮರೀಬಾರದ ಅಳತೆ ಒಂದೇ, ಬ್ಲಾಕ್ ಮೇಲ್ಮೈಗಿಂತ ಲೈನರ್ ಎಷ್ಟು ಎದ್ದು ನಿಂತಿದೆ ಅನ್ನೋದು. ಎಂಎಂನ ನೂರರಲ್ಲಿ ಕೆಲವೇ ಭಾಗ ಇರೋ ಅಳತೆ ಅದು, ಆದ್ರೆ ಹೆಡ್ ಗ್ಯಾಸ್ಕೆಟ್ ಬದುಕೋದು ಅದರ ಮೇಲೇ. ಓ ರಿಂಗ್ ಹಾಕದೆ ಲೈನರ್ ಕೂರಿಸಿ, ಒತ್ತಿ ಹಿಡಿದು, ನಾಲ್ಕು ಕಡೆ ಡಯಲ್ ಗೇಜ್‌ನಲ್ಲಿ ನೋಡಿ. ಕಮ್ಮಿ ಇದ್ರೆ ಕೆಳಗೆ ಶಿಮ್, ಅಂದ್ರೆ ತೆಳು ತಗಡಿನ ಬಳೆ.

ಬಿಚ್ಚೋದು

ದೊಡ್ಡ ಡೀಸೆಲ್ ಎಂಜಿನ್ ಅರ್ಧ ಟನ್ ಮೇಲೇ ತೂಗುತ್ತೆ, ಚೈನ್ ಬ್ಲಾಕ್‌ನಲ್ಲಿ ನೇತಾಡೋವಾಗ ಅದರ ಕೆಳಗೆ ಕೈ ಕಾಲು ತಲೆ ಯಾವುದೂ ಬೇಡ. ಇಳಿಸಿದ ಮೇಲೆ ಗಟ್ಟಿ ಸ್ಟ್ಯಾಂಡ್. ಮೊಬೈಲ್‌ನಲ್ಲಿ ಫೋಟೋ ತೆಗೀರಿ, ಪೈಪು, ವೈರು, ಬ್ರಾಕೆಟ್ಟು ಎಲ್ಲಾದ್ರದ್ದೂ, ಬೇಕಾದ್ದಕ್ಕಿಂತ ಜಾಸ್ತಿನೇ ತೆಗೀರಿ.

ಕ್ರ್ಯಾಂಕನ್ನ ಬ್ಲಾಕ್‌ಗೆ ಹಿಡಿಯೋ ಮೇನ್ ಕ್ಯಾಪ್, ರಾಡನ್ನ ಕ್ರ್ಯಾಂಕ್‌ಗೆ ಹಿಡಿಯೋ ರಾಡ್ ಕ್ಯಾಪ್ ಎರಡೂ ಅದರದರ ಜಾಗಕ್ಕೇ ಹೋಗ್ಬೇಕು, ಅದೇ ದಿಕ್ಕಲ್ಲಿ. ಕ್ಯಾಪ್ ಕಟ್ಟಿದ ಮೇಲೇ ಆ ತೂತನ್ನ ದುಂಡಗೆ ಕೊರೆದಿರ್ತಾರೆ, ಅದಲು ಬದಲಾದ್ರೆ ಕ್ರ್ಯಾಂಕ್ ಹಿಡ್ಕೊಳ್ಳುತ್ತೆ. ನಂಬರ್ ಮೊದಲೇ ಹೊಡೆದಿದೆಯಾ ನೋಡಿ, ಇಲ್ದಿದ್ರೆ ಬಿಚ್ಚೋಕೆ ಮುಂಚೆನೇ ಗುರುತು ಹಾಕಿ. ಮುರಿದು ಜೋಡಿಸಿದ ಥರ ಒರಟು ಸೇರಿಕೆ ಇರೋ ಹೊಸ ಮಾದರಿ ರಾಡ್ ಆದ್ರೆ ಪಂಚ್ ಹೊಡೀಬೇಡಿ, ಪೇಂಟ್ ಪೆನ್ ಸಾಕು, ಆ ಒರಟು ಮುಖಾನ ನೆಲಕ್ಕೆ ತಾಗಿಸಿ ಇಡಲೂಬೇಡಿ. ಕ್ಯಾಮ್‌ನಿಂದ ವಾಲ್ವ್ ಕಡೆ ತಳ್ಳೋ ಪುಶ್ ರಾಡ್‌ಗಳನ್ನ ಒಂದು ರಟ್ಟಿಗೆ ತೂತು ಮಾಡಿ ಸಾಲಾಗಿ ಚುಚ್ಚಿಡಿ, ಅದರ ಕೆಳಗೆ ಕ್ಯಾಮ್ ಮೇಲೆ ಕೂರೋ ಟ್ಯಾಪೆಟ್‌ಗೂ ಅದೇ ಮರ್ಯಾದೆ.

ಪಿಸ್ಟನ್ ಮೇಲಿಂದ ಹೊರಗೆ ತಳ್ಳೋಕೆ ಮುಂಚೆ ಸಿಲಿಂಡರ್ ಬಾಯಿ ಹತ್ರ ಉಗುರು ಆಡಿಸಿ. ಒಂದು ಮೆಟ್ಟಿಲು ತರ ಸಿಗುತ್ತೆ. ಮೇಲಿನ ರಿಂಗ್ ಅಲ್ಲಿವರೆಗೂ ಹೋಗಲ್ಲ, ಹಾಗಾಗಿ ಆ ಅಂಚು ಸವೆದಿಲ್ಲ, ಕೆಳಗಿಂದು ಸವೆದಿದೆ. ಮೆಟ್ಟಿಲು ಎತ್ತರ ಇದ್ರೆ ಅದನ್ನ ಕೆರೆಯೋ ರಿಡ್ಜ್ ರೀಮರ್‌ನಲ್ಲಿ ಮೊದ್ಲು ತೆಗೀರಿ.

ಬಿಚ್ಚಿದ ಬೇರಿಂಗ್ ಶೆಲ್‌ಗಳನ್ನ (ಅರ್ಧ ಬಳೆ ಆಕಾರದ ಬೇರಿಂಗ್ ತುಂಡು) ಡಬ್ಬಿಗೆ ಎಸೀಬೇಡಿ, ಸಾಲಾಗಿ ಬೆಂಚ್ ಮೇಲೆ ಇಟ್ಟು ಓದಿ. ರಾಡ್‌ನಲ್ಲಿ ಮೇಲಿನ ಶೆಲ್, ಮೇನ್‌ನಲ್ಲಿ ಕೆಳಗಿನ ಶೆಲ್ ಜಾಸ್ತಿ ಸವೆಯೋದು ಸಹಜ, ಹೊಡೆತ ಬೀಳೋದೇ ಅಲ್ಲಿಗೆ. ಒಂದೇ ಅಂಚು ಸವೆದಿದ್ರೆ ಆ ರಾಡ್ ಬಗ್ಗಿದೆ ಅಂತ ಅನುಮಾನ ಪಡಿ, ಅದೇ ಪಿಸ್ಟನ್ ಸ್ಕರ್ಟ್ (ರಿಂಗ್‌ಗಳ ಕೆಳಗಿನ ಪಿಸ್ಟನ್ ಗೋಡೆ) ಮೇಲೆ ಸವೆತ ಓರೆಯಾಗಿದ್ರೆ ಅನುಮಾನನೂ ಬೇಡ, ರಾಡ್ ಚೆಕ್ ಮಾಡ್ಸಿ. ಗೆರೆ ಗೆರೆ ಬಿದ್ದಿದ್ರೆ ಆಯಿಲ್ ಜೊತೆ ಕೊಳೆ ಓಡಾಡಿದೆ. ತಾಮ್ರದ ಬಣ್ಣ ಕಾಣ್ತಿದ್ರೆ ಮೇಲಿನ ಪದರ ಪೂರ್ತಿ ಹೋಗಿದೆ ಅಂತ ಅರ್ಥ.

ಅಳತೆ

ಇಲ್ಲಿ ಅವಸರ ಬೇಡ. ಬೋರ್ ಡಯಲ್ ಗೇಜ್, ಅದನ್ನ ಸೆಟ್ ಮಾಡೋಕೆ ಮೈಕ್ರೋಮೀಟರ್, ಎರಡೂ ಬೇಕು. ವರ್ನಿಯರ್‌ನಲ್ಲಿ ಸಿಲಿಂಡರ್ ಅಳೆದೆ ಅನ್ನೋರ ಮಾತು ನಂಬ್ಬೇಡಿ. ಬ್ಲಾಕು, ಪಿಸ್ಟನ್ನು, ಅಳೆಯೋ ಸಾಮಾನು ಎಲ್ಲಾ ಒಂದು ರಾತ್ರಿ ಒಂದೇ ಕಡೆ ಇರಲಿ. 100 ಎಂಎಂ ಕಬ್ಬಿಣ 10 ಡಿಗ್ರಿ ಬಿಸಿ ಏರಿದ್ರೆ ನೂರರಲ್ಲಿ ಒಂದು ಎಂಎಂಗಿಂತ ಸ್ವಲ್ಪ ಜಾಸ್ತಿ ಹಿಗ್ಗುತ್ತೆ, ಅಲ್ಯುಮಿನಿಯಂ ಪಿಸ್ಟನ್ ಅದರ ಹತ್ತತ್ರ ಎರಡರಷ್ಟು. ಬಿಸಿಲಲ್ಲಿ ಇದ್ದ ಪಿಸ್ಟನ್ ತಂದು ನೆರಳಲ್ಲಿದ್ದ ಬ್ಲಾಕ್‌ಗೆ ಹೋಲಿಸಿದ್ರೆ ಅಲ್ಲೇ ತಪ್ಪಾಯ್ತು.

ಒಂದೊಂದು ಸಿಲಿಂಡರ್‌ನಲ್ಲೂ ಆರು ಅಳತೆ. ಮೇಲೆ ಅಂದ್ರೆ ಆ ಮೆಟ್ಟಿಲಿನ ಸ್ವಲ್ಪ ಕೆಳಗೆ, ಮಧ್ಯ, ಮತ್ತೆ ಕೆಳಗೆ, ಒಂದೊಂದು ಕಡೆ ಎರಡೆರಡು ದಿಕ್ಕು: ಕ್ರ್ಯಾಂಕ್ ಉದ್ದಕ್ಕೂ, ಅದಕ್ಕೆ ಅಡ್ಡಕ್ಕೂ. 100.00 ಇದ್ದ ಬೋರ್ ಅಂತ ಇಟ್ಕೊಳ್ಳಿ, ಸವೆದ ಎಂಜಿನ್‌ನಲ್ಲಿ ಹೆಚ್ಚುಕಮ್ಮಿ ಹೀಗೆ ಸಿಗುತ್ತೆ: ಮೇಲೆ ಅಡ್ಡ 100.21, ಉದ್ದ 100.13, ಮಧ್ಯ 100.09, 100.06, ಕೆಳಗೆ 100.04, 100.03. ಮೇಲೆನೇ ಜಾಸ್ತಿ ಯಾಕೆ ಅಂದ್ರೆ ಬೆಂಕಿ ಅಲ್ಲೇ, ಒತ್ತಡ ಅಲ್ಲೇ, ಆಯಿಲ್ ಕಮ್ಮಿ ತಲುಪೋದೂ ಅಲ್ಲೇ, ಮೇಲಾಗಿ ಪಿಸ್ಟನ್ ಅಲ್ಲಿ ನಿಂತು ವಾಪಸ್ ತಿರುಗುತ್ತೆ. ಅಡ್ಡ ದಿಕ್ಕಲ್ಲಿ ಜಾಸ್ತಿ ಯಾಕೆ ಅಂದ್ರೆ ರಾಡ್ ಓರೆ ಆದಾಗ ಪಿಸ್ಟನ್‌ನ ಆ ಗೋಡೆಗೇ ಒತ್ತೋದು. ಈ ಉದಾಹರಣೇಲಿ ಮೇಲೆ ಕೆಳಗೆ ವ್ಯತ್ಯಾಸ 0.17, ಅದು ಟೇಪರ್. ಮೇಲ್ಗಡೆ ಎರಡು ದಿಕ್ಕಿನ ವ್ಯತ್ಯಾಸ 0.08, ಅದು ಓವಲ್. ಇಷ್ಟಾದ ಮೇಲೆ ಬರೀ ರಿಂಗ್ ಹಾಕಿ ಕಳಿಸೋದು ದುಡ್ಡು ದಂಡ, ರಿಂಗು ಮೇಲೆ ಹೋದಾಗ ಬಾಯಿ ಬಿಡ್ಬೇಕು ಕೆಳಗೆ ಬಂದಾಗ ಮುಚ್ಕೋಬೇಕು, ಒಂದೊಂದು ಸುತ್ತಿಗೂ ಇದೇ ಕೆಲಸ ಆದ್ರೆ ಎಷ್ಟು ದಿನ ಬಾಳುತ್ತೆ.

ಈಗ ಯಾವ ಓವರ್‌ಸೈಜ್? ಪಿಸ್ಟನ್ ಸಿಗೋದು 0.25, 0.50, 0.75, 1.00 ಹೀಗೆ, ಇಂಚಿನ ಲೆಕ್ಕದ ಎಂಜಿನ್ ಆದ್ರೆ 10, 20, 30, 40 ಥೌ (ಇಂಚಿನ ಸಾವಿರದಲ್ಲಿ ಒಂದು ಭಾಗ) ಹೀಗೆ. 0.21 ತಾನೇ ಸವೆದಿರೋದು, 0.25 ಸಾಕಲ್ವಾ ಅನ್ಸುತ್ತೆ. ಸಾಕಾಗಲ್ಲ, ಮೋಸ ಹೋಗೋದೇ ಇಲ್ಲಿ. ಸವೆತ ಎರಡೂ ಗೋಡೆಗೆ ಸಮ ಇರಲ್ಲ, ಒಂದು ಗೋಡೆಗೆ 0.15, ಎದುರು ಗೋಡೆಗೆ 0.06 ಇರಬಹುದು. 0.25 ಬೋರ್ ಅಂದ್ರೆ ಒಂದೊಂದು ಗೋಡೆಗೆ 0.125 ಮಾತ್ರ. 0.15 ಸವೆದ ಕಡೆ ಟೂಲ್ ತಾಗದೇ ಉಳಿದುಬಿಡುತ್ತೆ, ನೋಡೋಕೆ ಹೊಳೆಯೋ ಬೋರ್ ಮಧ್ಯೆ ಒಂದು ಮಂಕು ತೇಪೆ ಕಾಣುತ್ತೆ. ಸೆಂಟರ್ ಸ್ವಲ್ಪ ಪಕ್ಕಕ್ಕೆ ಸರಿಸಿದ್ರೆ ಆಯ್ತು ಅಂತ ಯಾರಾದ್ರೂ ಅಂದ್ರೆ ಒಪ್ಪಬೇಡಿ, ಸೆಂಟರ್ ತಪ್ಪಿದ್ರೆ ಸಿಲಿಂಡರ್ ಕ್ರ್ಯಾಂಕ್‌ಗೆ ನೇರ ಕೂರಲ್ಲ. ಈ ಬ್ಲಾಕ್‌ಗೆ 0.50, ಎಲ್ಲಾ ಸಿಲಿಂಡರ್‌ಗೂ ಒಂದೇ ಸೈಜ್.

ಹಾಗಂತ ಒಂದೇ ಸಲ ದೊಡ್ಡ ಸೈಜ್‌ಗೆ ಹಾರಬೇಡಿ. ಗೋಡೆ ತೆಳು ಆದಷ್ಟೂ ಬೋರ್ ಅದುರುತ್ತೆ, ಹೀಟ್ ಏರುತ್ತೆ. ಮೊದಲೇ ಎರಡು ಸಲ ಬೋರ್ ಆಗಿರೋ ಬ್ಲಾಕ್ ಆದ್ರೆ ಅಲ್ಟ್ರಾಸೋನಿಕ್ ಮೀಟರ್ ಇಟ್ಟು ಗೋಡೆ ದಪ್ಪ ನೋಡಿಸಿ, ಎರಕ ಹೊಯ್ಯೋವಾಗ ಅಚ್ಚು ಸ್ವಲ್ಪ ಸರಿದಿದ್ರೆ ಒಂದು ಕಡೆ ದಪ್ಪ ಒಂದು ಕಡೆ ತೆಳು ಇರುತ್ತೆ. ಒಂದೇ ಸಿಲಿಂಡರ್ ಕೆಟ್ಟಿದ್ರೆ ಅದಕ್ಕೊಂದು ಸ್ಲೀವ್ (ಕಬ್ಬಿಣದ ತೋಳು) ಹಾಕಿಸಿ ಬಾಕಿದನ್ನ ಉಳಿಸ್ಕೋಬಹುದು.

ಪಿಸ್ಟನ್ ಮೊದ್ಲು, ಬೋರ್ ಆಮೇಲೆ

ಸೈಜ್ ತೀರ್ಮಾನ ಆದ್ರೂ ಟೂಲ್ ಇಳಿಸೋಕೆ ಬಿಡಬೇಡಿ. ಪಿಸ್ಟನ್ ಕೈಗೆ ಬರಲಿ. ಡಬ್ಬಿ ಮೇಲೆ ಬರೆದಿದ್ದನ್ನ ಓದಿ ಬೋರ್ ಮಾಡೋರು ಜಾಸ್ತಿ, ನಾನೂ ಹಾಗೆ ಮಾಡಿ ಒಂದ್ಸಲ ಕೈ ಸುಟ್ಕೊಂಡಿದ್ದೀನಿ, ಆರರಲ್ಲಿ ಒಂದು ಡಬ್ಬಿಯಲ್ಲಿ ಬೇರೆ ಸೈಜ್ ಪಿಸ್ಟನ್ ಇತ್ತು, ಗೊತ್ತಾಗಿದ್ದು ರಿಂಗ್ ಗ್ಯಾಪ್ ನೋಡೋವಾಗ. ಪಿಸ್ಟನ್ ಅಳೆಯೋದು ಸ್ಕರ್ಟ್ ಮೇಲೆ, ರಾಡ್‌ಗೆ ಸೇರಿಸೋ ಪಿನ್‌ಗೆ ಅಡ್ಡ ದಿಕ್ಕಲ್ಲಿ, ತಯಾರಕರು ಹೇಳಿದ ಎತ್ತರದಲ್ಲಿ. ತಲೆ ಹತ್ರ ಅಳೆದ್ರೆ ಪ್ರಯೋಜನ ಇಲ್ಲ, ಬಿಸಿಗೆ ಹಿಗ್ಗಲಿ ಅಂತ ತಲೆ ಕಡೆ ಸಣ್ಣಗೇ ಮಾಡಿರ್ತಾರೆ. ಪ್ರತಿ ಪಿಸ್ಟನ್ ಅಳತೆಗೆ ಹೇಳಿದ ಕ್ಲಿಯರೆನ್ಸ್ ಸೇರಿಸಿ ಆ ಸಿಲಿಂಡರ್‌ನ ಕೊನೇ ಸೈಜ್ ಬರೆದು, ಪಿಸ್ಟನ್ ಮೇಲೂ ಸಿಲಿಂಡರ್ ಮೇಲೂ ಒಂದೇ ನಂಬರ್ ಹಾಕಿ, ಆ ಚೀಟಿ ಸಮೇತ ಮೆಷಿನ್ ಶಾಪ್‌ಗೆ ಕೊಡಿ.

ಅವರ ಹತ್ರ ಕೇಳ್ಬೇಕಾದ್ದು ಮೂರ್ನಾಲ್ಕು ಇದೆ. ಬೋರಿಂಗ್ ಬಾರ್ ಕೊನೇ ಸೈಜ್‌ವರೆಗೂ ಹೋಗ್ಬಾರ್ದು, 0.05ರಿಂದ 0.08 ಎಂಎಂ ಹೋನಿಂಗ್‌ಗೆ ಉಳಿಸ್ಬೇಕು, ಯಾಕಂದ್ರೆ ಟೂಲ್ ಕಿತ್ತ ಮೇಲ್ಮೈ ಒರಟು, ಅದನ್ನ ಕಲ್ಲಿಂದಾನೇ ತೆಗೀಬೇಕು. ಹೆಡ್ ಬದಲು ಬಿಗಿಯೋ ದಪ್ಪ ಟಾರ್ಕ್ ಪ್ಲೇಟ್ ಇದ್ರೆ ಕಟ್ಟಿ ಹೋನ್ ಮಾಡ್ಲಿ, ಹೆಡ್ ಬೋಲ್ಟ್ ಬಿಗಿದಾಗ ಬೋರ್ ಸ್ವಲ್ಪ ಸೊಟ್ಟ ಆಗುತ್ತೆ, ಅದೇ ಸೊಟ್ಟದಲ್ಲಿ ದುಂಡಗೆ ಮಾಡಿದ್ರೆ ಹೆಡ್ ಕೂತ ಮೇಲೂ ದುಂಡಗಿರುತ್ತೆ. ಹೋನಿಂಗ್ ಗೆರೆಗಳು ಸುಮಾರು 45 ಡಿಗ್ರಿಯಲ್ಲಿ ಒಂದನ್ನೊಂದು ದಾಟ್ಬೇಕು, ಆ ಗೆರೆಯಲ್ಲೇ ಆಯಿಲ್ ನಿಲ್ಲೋದು. ಕಲ್ಲಿನ ಗ್ರಿಟ್ ನಿಮ್ಮ ರಿಂಗ್ ಯಾವ ಲೋಹದ್ದು ಅನ್ನೋದರ ಮೇಲೆ. ಬೋರ್ ಬಾಯಿಗೆ ಸಣ್ಣ ಚ್ಯಾಂಫರ್ (ಅಂಚಿಗೆ ಓರೆ ಇಳಿಜಾರು) ಕೊಡ್ಲಿ, ಇಲ್ದಿದ್ರೆ ಪಿಸ್ಟನ್ ಇಳಿಸೋವಾಗ ರಿಂಗ್ ಸಿಕ್ಕಿ ಮುರಿಯುತ್ತೆ. ಪಿಸ್ಟನ್‌ಗೆ ಆಯಿಲ್ ಚಿಮ್ಮೋ ಜೆಟ್ ಇದ್ರೆ ಕೊಡೋಕೆ ಮುಂಚೆ ನೀವೇ ಬಿಚ್ಕೊಳ್ಳಿ.

ಇದೇ ಓಟದಲ್ಲಿ ಬ್ಲಾಕ್, ಹೆಡ್, ಕ್ರ್ಯಾಂಕ್ ಮೂರಕ್ಕೂ ಬಿರುಕು ಪರೀಕ್ಷೆ ಮಾಡ್ಸಿ, ಬೋರ್ ಮಾಡೋಕೆ ಮುಂಚೆನೇ. ಬೋರಿಗೆಲ್ಲಾ ದುಡ್ಡು ಸುರಿದ ಮೇಲೆ ಬ್ಲಾಕ್ ಬಿರುಕು ಬಿಟ್ಟಿದೆ ಅಂತ ಗೊತ್ತಾದ್ರೆ ಅದಕ್ಕಿಂತ ಹೊಟ್ಟೆ ಉರಿ ಇನ್ನೊಂದಿಲ್ಲ. ಕ್ರ್ಯಾಂಕ್ ಜರ್ನಲ್ (ಬೇರಿಂಗ್ ಒಳಗೆ ತಿರುಗೋ ದುಂಡು ಭಾಗ) ಓವಲ್ ಆಗಿದ್ರೆ ಅಥವಾ ಉಗುರಿಗೆ ಸಿಗೋ ಗೆರೆ ಇದ್ರೆ ಗ್ರೈಂಡ್ ಮಾಡಿಸಿ 0.25 ಅಥವಾ 0.50 ಅಂಡರ್‌ಸೈಜ್ ಬೇರಿಂಗ್ ಹಾಕ್ಬೇಕು, ಜರ್ನಲ್ ಮೂಲೆಯ ಆ ದುಂಡನೆ ತಿರುವು ಹಾಗೇ ಇರ್ಬೇಕು, ಅಲ್ಲಿ ಚೂಪು ಮೂಲೆ ಬಂದ್ರೆ ಕ್ರ್ಯಾಂಕ್ ಮುರಿಯೋದೇ ಅಲ್ಲಿಂದ.

ತೊಳೆಯೋದು

ಬ್ಲಾಕ್ ವಾಪಸ್ ಬಂದಾಗ ಹೊಳೀತಿರುತ್ತೆ, ತೊಳೆದು ಕೊಟ್ಟಿದ್ದೀವಿ ಅಂತಾನೂ ಹೇಳಿರ್ತಾರೆ. ಹೇಳ್ಲಿ. ಮತ್ತೆ ತೊಳೀರಿ. ಹೋನಿಂಗ್ ಕಲ್ಲಿನ ಪುಡಿ ಆ ಗೆರೆಗಳ ಒಳಗೆ ಕೂತಿರುತ್ತೆ, ಡೀಸೆಲ್ಲು ಪೆಟ್ರೋಲ್ಲು ಹಾಕಿ ಒರೆಸಿದ್ರೆ ಅದು ಇನ್ನೂ ಒಳಗೆ ಹೋಗಿ ಕೂರುತ್ತೆ ಹೊರತು ಈಚೆ ಬರಲ್ಲ. ಬಿಸಿ ನೀರು, ಸೋಪ್ ಪುಡಿ, ಗಟ್ಟಿ ನೈಲಾನ್ ಬ್ರಶ್, ಇದಕ್ಕಿಂತ ಒಳ್ಳೇದು ಇನ್ನೊಂದಿಲ್ಲ. ಮೇಲೆ ಕೆಳಗೆ ಉಜ್ಜಿ, ನೀರು ಹೊಡೀರಿ, ಮತ್ತೆ ಉಜ್ಜಿ.

ಸಾಕಾ ಇಲ್ವಾ ಅಂತ ಹೇಳೋದು ಬಿಳಿ ಬಟ್ಟೆ. ಹಳೇ ಬನಿಯನ್ ತುಂಡಿಗೆ ಸ್ವಲ್ಪ ತೆಳು ಆಯಿಲ್ ಹಾಕಿ ಬೋರ್ ಒಳಗೆ ತಿರುಗಿಸಿ ಈಚೆ ತೆಗೀರಿ. ಮೊದಲ ಸಲ ಕಪ್ಪಗೆ ಬರುತ್ತೆ, ಎರಡನೇದಕ್ಕೆ ಬೂದಿ ಬಣ್ಣ. ನಾನು ಹೋದ ಸಲ ಕಟ್ಟಿದ ಬ್ಲಾಕ್‌ನಲ್ಲಿ ಮೂರನೇ ಸಿಲಿಂಡರ್‌ಗೆ ಎಂಟು ಬಟ್ಟೆ ಬೇಕಾಯ್ತು, ಎಂಟನೇದರ ಮೇಲೆ ಬರೀ ಆಯಿಲ್ ಕಲೆ ಇತ್ತು, ಬೂದಿ ಇರಲಿಲ್ಲ, ಆಗ ಬಿಟ್ಟೆ. ಬಟ್ಟೆ ಮೇಲೆ ಬರೋ ಆ ಬೂದಿನೇ ರಿಂಗ್ ತಿನ್ನೋದು. ತೊಳೆದ ಬೋರ್‌ನ ಗಾಳಿಗೆ ಬಿಡ್ಬೇಡಿ, ನೋಡ್ತಾ ನೋಡ್ತಾ ಕೆಂಪು ತುಕ್ಕು ಹತ್ತುತ್ತೆ, ಒಣಗಿಸಿದ ಕೂಡ್ಲೇ ಆಯಿಲ್ ಸವರಿ.

ಆಯಿಲ್ ಗ್ಯಾಲರಿ (ಬ್ಲಾಕ್ ಒಳಗೆ ಆಯಿಲ್ ಓಡೋ ದಾರಿ) ಪ್ಲಗ್ ಎಲ್ಲಾ ಬಿಚ್ಚಿ ಉದ್ದ ಬ್ರಶ್ ತೂರಿಸಿ ತೊಳೀರಿ, ಕ್ರ್ಯಾಂಕ್ ಒಳಗಿನ ಆಯಿಲ್ ದಾರಿನೂ. ಬಿಚ್ಚಿದ ಪ್ಲಗ್ ಎಷ್ಟು ಅಂತ ಎಣಿಸಿ ಬರೆದಿಡಿ, ತಮಾಷೆಗೆ ಹೇಳ್ತಿಲ್ಲ. ಒಂದ್ಸಲ ಫ್ಲೈವೀಲ್ ಹಿಂದಿನ ಒಂದು ಪುಟ್ಟ ಪ್ಲಗ್ ಹಾಕೋದು ಮರೆತು ಎಂಜಿನ್ ಕಟ್ಟಿ, ಗೇರ್‌ಬಾಕ್ಸ್ ಕೂರಿಸಿ, ಎಲ್ಲಾ ಆದ್ಮೇಲೆ ಕ್ರ್ಯಾಂಕ್ ಮಾಡ್ತೀನಿ, ಆಯಿಲ್ ಪ್ರೆಷರ್ ಮುಳ್ಳು ಅಲ್ಲಾಡ್ತಿಲ್ಲ. ಪಂಪ್ ಬೈದೆ, ಗೇಜ್ ಬೈದೆ. ಕೊನೆಗೆ ಬೆಲ್ ಹೌಸಿಂಗ್ ಕೆಳಗಿಂದ ಆಯಿಲ್ ಧಾರೆ ಇಳಿಯೋಕೆ ಶುರುವಾಯ್ತು, ಪ್ಲಗ್ ನೋಡಿದ್ರೆ ಟಿನ್ ಡಬ್ಬಿ ತಳದಲ್ಲಿ ಆರಾಮಾಗಿ ಕೂತಿದೆ. ಗೇರ್‌ಬಾಕ್ಸ್ ಮತ್ತೆ ಇಳೀತು. ಹಾಗೇ ಆಯಿಲ್ ಕೂಲರ್ ಬಗ್ಗೆನೂ ಒಂದು ಮಾತು, ಹಳೇ ಎಂಜಿನ್‌ನಲ್ಲಿ ಬೇರಿಂಗ್ ಕಿತ್ತು ಹೋಗಿದ್ರೆ ಅದರ ಚೂರು ಕೂಲರ್ ಒಳಗೆ ಅಡಗಿರುತ್ತೆ, ತೊಳೆದು ಪೂರ್ತಿ ತೆಗೆಯೋದು ಕಷ್ಟ, ಅಂಥ ಕೂಲರ್ ಬದಲಾಯಿಸಿಬಿಡಿ.

ಕ್ರ್ಯಾಂಕ್ ಕೂರಿಸೋದು

ಶೆಲ್ ಹಿಂಭಾಗ, ಅದು ಕೂರೋ ಜಾಗ ಎರಡೂ ಒಣಗಿರ್ಬೇಕು, ಆಯಿಲ್ ಹಾಕೋದು ಜರ್ನಲ್ ಕಡೆ ಮಾತ್ರ. ಆಯಿಲ್ ತೂತು ಇರೋ ಶೆಲ್ ಬ್ಲಾಕ್ ಕಡೆ, ಬ್ಲಾಕ್ ತೂತಿಗೆ ಸರಿಯಾಗಿ. ಇದನ್ನ ಉಲ್ಟಾ ಹಾಕಿದ್ರೆ ಎಂಜಿನ್ ಮೊದಲ ಕೆಲವೇ ನಿಮಿಷದಲ್ಲಿ ಹಿಡ್ಕೊಳ್ಳುತ್ತೆ.

ಜರ್ನಲ್‌ಗೂ ಶೆಲ್‌ಗೂ ಮಧ್ಯೆ ಇರೋ ಕ್ಲಿಯರೆನ್ಸ್ ನೋಡೋಕೆ ಪ್ಲಾಸ್ಟಿಗೇಜ್ ಅನ್ನೋ ಮೆತ್ತನೆ ಪ್ಲಾಸ್ಟಿಕ್ ಎಳೆ ಸುಲಭ. ಒಣಗಿದ ಜರ್ನಲ್ ಮೇಲೆ ತುಂಡು ಇಟ್ಟು, ಕ್ಯಾಪ್ ಪೂರ್ತಿ ಟಾರ್ಕ್‌ಗೆ ಬಿಗಿದು, ಬಿಚ್ಚಿ, ಚಪ್ಪಟೆ ಆದ ಅಗಲ ಹೋಲಿಸಿ, ಈ ಮಧ್ಯೆ ಕ್ರ್ಯಾಂಕ್ ಒಂದಿಷ್ಟೂ ತಿರುಗಿಸ್ಬಾರ್ದು. ಅಂದಾಜು ಲೆಕ್ಕ ಜರ್ನಲ್ ವ್ಯಾಸದ ಸಾವಿರದಲ್ಲಿ ಒಂದು, 60 ಎಂಎಂ ಜರ್ನಲ್‌ಗೆ 0.06 ಆಸುಪಾಸು, ಕೊನೇ ಮಾತು ಮ್ಯಾನ್ಯುಯಲ್‌ದು. ಒಂದೊಂದು ಕ್ಯಾಪ್ ಬಿಗಿದ ಮೇಲೂ ಕ್ರ್ಯಾಂಕ್ ಕೈಯಲ್ಲಿ ತಿರುಗಿಸಿ ನೋಡ್ತಾ ಹೋಗಿ. ಎಲ್ಲಾ ಬಿಗಿದ ಮೇಲೆ ಹಿಡೀತಿದೆ ಅಂದ್ರೆ ಯಾವ ಕ್ಯಾಪ್ ಅಂತ ಹುಡುಕೋದು ಕಷ್ಟ. ಎಂಡ್ ಪ್ಲೇ, ಅಂದ್ರೆ ಕ್ರ್ಯಾಂಕ್ ಹಿಂದೆ ಮುಂದೆ ಎಷ್ಟು ಸರಿಯುತ್ತೆ ಅನ್ನೋದನ್ನ, ಡಯಲ್ ಗೇಜ್‌ನಲ್ಲಿ ನೋಡಿ.

ರಿಂಗು, ಪಿಸ್ಟನ್ನು

ರಿಂಗ್ ಪಾಕೆಟ್‌ನಿಂದ ತೆಗೆದು ನೇರ ಪಿಸ್ಟನ್‌ಗೆ ಹಾಕ್ಬೇಡಿ. ಒಂದೊಂದನ್ನೂ ಅದರ ಸಿಲಿಂಡರ್ ಒಳಗೆ ಇಟ್ಟು, ಪಿಸ್ಟನ್ ತಲೆಕೆಳಗಾಗಿ ಹಿಡಿದು ಒಂದಿಂಚು ಕೆಳಗೆ ನೇರಕ್ಕೆ ತಳ್ಳಿ, ಬಾಯಿ ಗ್ಯಾಪ್ ಫೀಲರ್ ಗೇಜ್‌ನಲ್ಲಿ ಅಳೀರಿ. ಟರ್ಬೊ ಇಲ್ಲದ ಸಾಮಾನ್ಯ ಎಂಜಿನ್‌ಗೆ ಬೋರ್‌ನ ಸಾವಿರದಲ್ಲಿ ನಾಲ್ಕು ಭಾಗ ಅನ್ನೋದು ಹಳೇ ಲೆಕ್ಕ, 100 ಎಂಎಂಗೆ 0.40, ಟರ್ಬೊಗೆ ಇನ್ನೂ ಸ್ವಲ್ಪ ಜಾಸ್ತಿ. ಗ್ಯಾಪ್ ಸ್ವಲ್ಪ ಜಾಸ್ತಿ ಇದ್ರೆ ಪರವಾಗಿಲ್ಲ, ಕಮ್ಮಿ ಇದ್ರೆ ಮಾತ್ರ ಬಿಡಬೇಡಿ. ಬಿಸಿಗೆ ರಿಂಗ್ ಹಿಗ್ಗಿ ಎರಡು ತುದಿ ಡಿಕ್ಕಿ ಹೊಡೆದ್ರೆ ರಿಂಗ್ ಎಲ್ಲಿಗೆ ಹೋಗ್ಬೇಕು, ಬೋರ್ ಕೆರೆದು ಪಿಸ್ಟನ್ ಒಡೆಯುತ್ತೆ. ಅರ ಹಾಕೋದಾದ್ರೆ ಒಂದೇ ತುದಿಗೆ, ಹೊರಗಿಂದ ಒಳಗಡೆಗೆ, ಆಮೇಲೆ ಚೂಪು ಅಂಚು ತೆಗೀರಿ.

ರಿಂಗ್ ಮೇಲೆ ಟಾಪ್ ಅಂತಲೋ ಚುಕ್ಕಿಯೋ ಇರುತ್ತೆ, ಅದು ಮೇಲಕ್ಕೆ. ಎರಡನೇ ರಿಂಗ್ ಉಲ್ಟಾ ಹಾಕಿದ್ರೆ ಅದು ಆಯಿಲ್ ಕೆಳಗೆ ಕೆರೆಯೋ ಬದಲು ಮೇಲಕ್ಕೆ ಪಂಪ್ ಮಾಡುತ್ತೆ, ಬೋರ್ ಎಷ್ಟು ಚೆನ್ನಾಗಿದ್ರೂ ಹೊಗೆ ನಿಲ್ಲಲ್ಲ. ಬಾಯಿಗಳು ಒಂದರ ಕೆಳಗೆ ಒಂದು ಬರದ ಹಾಗೆ ಸುಮಾರು 120 ಡಿಗ್ರಿ ದೂರ ದೂರ ಇಡಿ. ಪಿಸ್ಟನ್ ಮೇಲಿನ ಬಾಣ ಎಂಜಿನ್ ಮುಂದಕ್ಕೆ. ರಾಡ್ ಬೋಲ್ಟ್‌ಗಳಿಗೆ ರಬ್ಬರ್ ಪೈಪ್ ತುಂಡು ತೊಡಿಸಿ, ಇಲ್ದಿದ್ರೆ ಇಳಿಯೋವಾಗ ಹೊಸದಾಗಿ ಗ್ರೈಂಡ್ ಆದ ಜರ್ನಲ್ ಮೇಲೆ ಗೀರು ಬೀಳುತ್ತೆ. ರಿಂಗ್ ಕಂಪ್ರೆಸರ್ ಬಿಗಿದು ಸುತ್ತಿಗೆಯ ಮರದ ಹಿಡಿಯಲ್ಲಿ ತಟ್ಟಿ ಇಳಿಸಿ. ಎಲ್ಲಾದ್ರೂ ಟಪ್ ಅಂತ ನಿಂತ್ರೆ ಜೋರಾಗಿ ಹೊಡೀಬೇಡಿ, ಒಂದು ರಿಂಗ್ ಈಚೆ ಬಂದು ಬ್ಲಾಕ್ ಮೇಲೆ ಕೂತಿದೆ ಅಂತ ಅರ್ಥ, ಪಿಸ್ಟನ್ ವಾಪಸ್ ತೆಗೆದು ಮತ್ತೆ ಶುರು ಮಾಡಿ.

ಹೆಡ್, ಟೈಮಿಂಗ್

ಹೆಡ್ ಸಪಾಟಾಗಿದೆಯಾ ಅಂತ ನೇರ ಪಟ್ಟಿ ಇಟ್ಟು ಫೀಲರ್ ತೂರಿಸಿ ನೋಡಿ, ಗೈಡ್, ಸೀಟ್, ಸೀಲ್ ಎಲ್ಲಾ ನೋಡ್ಸಿ, ವಾಲ್ವ್ ಕೂರಿಸಿದ ಮೇಲೆ ಪೋರ್ಟ್‌ಗೆ ಸೀಮೆಎಣ್ಣೆ ತುಂಬಿಸಿ, ಚೇಂಬರ್ ಕಡೆ ಜಿನುಗದಿದ್ರೆ ಸರಿ. ಬ್ಲಾಕ್‌ನ ಬೋಲ್ಟ್ ತೂತಲ್ಲಿ ಆಯಿಲ್ಲೋ ನೀರೋ ನಿಂತಿದ್ರೆ ಗಾಳಿ ಹೊಡೆದು ಖಾಲಿ ಮಾಡಿ, ಬೋಲ್ಟ್ ಅದನ್ನ ಒತ್ತಿದ್ರೆ ಬ್ಲಾಕೇ ಬಿರುಕು ಬಿಡುತ್ತೆ. ಮಧ್ಯದಿಂದ ಹೊರಕ್ಕೆ, ಮೂರ್ನಾಲ್ಕು ಹಂತದಲ್ಲಿ ಬಿಗೀರಿ. ಬಿಗಿದಾಗ ಎಳೆದು ಉದ್ದ ಆಗೋ ಜಾತಿ ಬೋಲ್ಟ್ ಆದ್ರೆ ಹಳೇದು ಮತ್ತೆ ಬೇಡ.

ಟೈಮಿಂಗ್ ಗೇರ್ ಗುರುತಿಗೆ ಗುರುತು ಸೇರಿಸಿ, ಸ್ಪ್ಯಾನರ್‌ನಲ್ಲಿ ಕ್ರ್ಯಾಂಕ್ ಎರಡು ಪೂರ್ತಿ ಸುತ್ತು ತಿರುಗಿಸಿ. ಕ್ರ್ಯಾಂಕು ಕ್ಯಾಮು ಮಧ್ಯೆ ಐಡ್ಲರ್ ಗೇರ್ ಇರೋ ಕೆಲವು ಎಂಜಿನ್‌ನಲ್ಲಿ ಎರಡು ಸುತ್ತಿಗೆ ಐಡ್ಲರ್ ಗುರುತು ಮತ್ತೆ ಸೇರಲ್ಲ, ಗಾಬರಿ ಬೇಡ, ಕ್ರ್ಯಾಂಕು ಕ್ಯಾಮು ಸರಿ ಇದ್ರೆ ಸಾಕು. ಡೀಸೆಲ್ ಆದ್ರೆ ಇಂಜೆಕ್ಟರ್ ಟೆಸ್ಟ್ ಮಾಡ್ಸದೆ ಹಾಕ್ಬೇಡಿ, ಒಂದು ಇಂಜೆಕ್ಟರ್ ಹನಿ ಹಾಕ್ತಿದ್ರೂ ಆ ಡೀಸೆಲ್ ಹೊಸ ಬೋರ್‌ನ ಆಯಿಲ್ ತೊಳೆದುಬಿಡುತ್ತೆ.

ಮೊದಲ ಸ್ಟಾರ್ಟ್

ಆಯಿಲ್ ಪಂಪ್ ಒಣಗಿದ್ರೆ ಎಳೆಯಲ್ಲ, ಕೂರಿಸೋವಾಗ್ಲೇ ಗೇರ್ ಮಧ್ಯೆ ಪೆಟ್ರೋಲಿಯಂ ಜೆಲ್ಲಿ ತುಂಬಿಸಿಡಿ. ಡೀಸೆಲ್ ಕಟ್ ಮಾಡಿ ಅಥವಾ ಇಗ್ನಿಷನ್ ತೆಗೆದು, ಪ್ರೆಷರ್ ಮುಳ್ಳು ಏಳೋವರೆಗೂ ಬಿಟ್ಟು ಬಿಟ್ಟು ಕ್ರ್ಯಾಂಕ್ ಮಾಡಿ, ಸ್ಟಾರ್ಟರ್ ಸುಡೋ ಹಾಗೆ ಒಂದೇ ಸಮ ಬೇಡ. ಮುಳ್ಳು ಎದ್ದ ಮೇಲೇ ಸ್ಟಾರ್ಟ್.

ಸ್ಟಾರ್ಟ್ ಆದ ಖುಷಿಗೆ ಗಂಟೆಗಟ್ಟಲೆ ಐಡಲ್‌ನಲ್ಲಿ ಬಿಟ್ಟು ಕೇಳ್ತಾ ಕೂರೋದು ದೊಡ್ಡ ತಪ್ಪು. ರಿಂಗ್ ಬೋರ್‌ಗೆ ಕೂರೋದು ಒತ್ತಡದಿಂದ, ಐಡಲ್‌ನಲ್ಲಿ ಒತ್ತಡನೇ ಇಲ್ಲ, ಗೆರೆ ಮೇಲೆ ಆಯಿಲ್ ಸುಟ್ಟು ಗಾಜಿನ ಹಾಗೆ ಮೆತ್ಕೊಂಡ್ರೆ ಆಮೇಲೆ ರಿಂಗ್ ಕೂರೋದೇ ಇಲ್ಲ. ಹಳೇ ಚಪ್ಪಟೆ ಟ್ಯಾಪೆಟ್ ಎಂಜಿನ್‌ಗೆ ಹೊಸ ಕ್ಯಾಮ್ ಹಾಕಿದ್ರೆ ಸುಮಾರು 20 ನಿಮಿಷ 2000 ಆರ್‌ಪಿಎಂ ಹತ್ರ ಏರಿಸಿ ಇಳಿಸಿ ಓಡಿಸ್ಬೇಕು, ಹೊಸ ಕ್ಯಾಮ್‌ಗೆ ಹೊಸ ಟ್ಯಾಪೆಟ್ಟೇ ಬೇಕು. ಬಾಕಿ ಎಂಜಿನ್‌ಗಳಲ್ಲಿ ಸೋರಿಕೆ ನೋಡಿ, ಬಿಸಿ ಆಗೋಕೆ ಬಿಟ್ಟು, ಅದೇ ದಿನ ರಸ್ತೆಗೆ ಇಳಿಸಿ. ಮಧ್ಯದ ಗೇರ್‌ನಲ್ಲಿ ಹದವಾಗಿ ಎಳೆಸಿ, ಕಾಲು ತೆಗೆದು ತಾನೇ ನಿಧಾನ ಆಗೋಕೆ ಬಿಡಿ, ಮತ್ತೆ ಎಳೆಸಿ, ಹೀಗೆ ಅರ್ಧ ಗಂಟೆ. ತುಂಬಿದ ಲೋಡ್ ಈಗ್ಲೇ ಬೇಡ, ಖಾಲಿ ಗಾಡಿನೂ ಬೇಡ, ಮಧ್ಯಮ ಲೋಡ್ ಇದ್ರೆ ಒಳ್ಳೇದು. ಸಿಂಥೆಟಿಕ್ ಆಯಿಲ್ ಈಗ ಬೇಡ, ಸಾದಾ ಮಿನರಲ್ ಆಯಿಲ್ ಸಾಕು.

ಆ ಮೊದಲ ಓಟ ಮುಗಿದ ಕೂಡ್ಲೇ ನಾನು ಆಯಿಲ್, ಫಿಲ್ಟರ್ ಎರಡೂ ಬದಲಾಯಿಸ್ತೀನಿ, ಆಮೇಲೆ 500 ಕಿಲೋಮೀಟರ್‌ಗೆ ಇನ್ನೊಂದ್ಸಲ. ತೆಗೆದ ಫಿಲ್ಟರ್ ಕತ್ತರಿಸಿ ಪೇಪರ್ ಬಿಡಿಸಿ ಬಿಸಿಲಿಗೆ ಹಿಡೀರಿ. ಬೂದು ಬಣ್ಣದ ನುಣ್ಣನೆ ಪುಡಿ ಇದ್ರೆ ರಿಂಗ್ ಕೂರ್ತಿದೆ, ಚಿಂತೆ ಇಲ್ಲ. ತಾಮ್ರದ ಬಣ್ಣದ ಹೊಳಪೋ ಉಗುರಿಗೆ ಸಿಗೋ ಚೂರೋ ಕಂಡ್ರೆ ಗಾಡಿ ಅಲ್ಲೇ ನಿಲ್ಲಿಸಿ ಆಯಿಲ್ ಚೇಂಬರ್ ಇಳಿಸಿ ಬೇರಿಂಗ್ ನೋಡಿ. 500ರ ಆ ಸರ್ವಿಸ್‌ಗೇ ಟ್ಯಾಪೆಟ್ ಗ್ಯಾಪ್ ಮತ್ತೆ ಸೆಟ್ ಮಾಡಿ, ಮ್ಯಾನ್ಯುಯಲ್ ಹೇಳಿದ್ರೆ ಹೆಡ್ ಬೋಲ್ಟ್ ಮತ್ತೆ ಟಾರ್ಕ್ ಮಾಡಿ, ಬಿಚ್ಚೋಕೆ ಮುಂಚೆ ಕಂಪ್ರೆಷನ್ ಬರೆದಿಟ್ಟ ಆ ಹಾಳೆ ತೆಗೆದು ಹಳೇ ಅಂಕಿ ಪಕ್ಕದಲ್ಲೇ ಹೊಸ ಅಂಕಿ ಬರೀರಿ.